ದೆಹಲಿಗೆ ಹೊರಟ ನಮ್ಮ ಕಾಸರಗೋಡಿನವರಿಗೆ ಒಂದಿಷ್ಟು ಮಾತು

ಪ್ರತಿ ವರ್ಷ ನಮ್ಮ ಸಂಘಕ್ಕೆ ಯಾರಾದ್ರೂ ಬಂದು "ಮಗನಿಗೆ ದೆಹಲಿಗೆ ಟ್ರಾನ್ಸ್‌ಫರ್ ಆಯ್ತು, ಸೊಸೆ ಮಕ್ಕಳನ್ನೂ ಕರ್ಕೊಂಡು ಹೋಗ್ತಾನಂತೆ, ಅಲ್ಲಿ ಎಂತ ಕತೆ" ಅಂತ ಕೇಳ್ತಾರೆ. ಬದಿಯಡ್ಕದವರು, ಪೆರ್ಲದವರು, ಮಂಜೇಶ್ವರದವರು, ಎಲ್ಲರದ್ದೂ ಅದೇ ಪ್ರಶ್ನೆ. ನಾನು ಹದಿನಾಲ್ಕು ವರ್ಷ ಅಲ್ಲಿ ಸಂಸಾರ ಮಾಡಿ ಊರಿಗೆ ಬಂದವ, ಹಾಗಾಗಿ ಗೊತ್ತಿದ್ದದ್ದನ್ನು ಒಂದು ಕಡೆ ಬರ್ದಿಡುವ ಅಂತ ಸಂಘದವರು ಹೇಳಿದ್ರು.

ಮೊದಲು ಕಾಗದಪತ್ರ. ಇದನ್ನು ಊರಲ್ಲೇ ಮುಗಿಸಿ ಹೊರಡಿ, ದಯವಿಟ್ಟು. ನಮ್ಮ ರೇಷನ್ ಕಾರ್ಡು, ಕೆಲವರ ಹಳೇ ಜನನ ಪತ್ರ ಎಲ್ಲ ಮಲಯಾಳದಲ್ಲಿ ಇರ್ತದೆ, ದೆಹಲಿಯ ಗುಮಾಸ್ತರಿಗೆ ಅದು ಓದ್ಲಿಕ್ಕೆ ಬರುದಿಲ್ಲ. ನನ್ನ ಮಗಳ ಅಡ್ಮಿಶನ್ನಿಗೆ ಹೋದಾಗ ಶಾಲೆಯವರು ಇಂಗ್ಲಿಷ್ ಪ್ರತಿ ಬೇಕೇ ಬೇಕು ಅಂತ ವಾಪಸ್ ಕಳಿಸಿದ್ರು, ಊರಲ್ಲಿ ತಮ್ಮ ಪಂಚಾಯತಿಗೆ ಓಡಾಡಿ ಅದನ್ನು ತೆಗ್ದು ಕೊರಿಯರ್ ಮಾಡುವಷ್ಟರಲ್ಲಿ ಎರಡು ವಾರ ಹೋಯ್ತು, ಆ ಎರಡು ವಾರ ರಾತ್ರಿ ನಿದ್ದೆ ಇಲ್ಲ ನಮಗೆ. ಜನನ ಪತ್ರ, ಜಾತಿ ಸರ್ಟಿಫಿಕೇಟು, ಆದಾಯದ್ದು, ಎಲ್ಲ ಇಂಗ್ಲಿಷಿನಲ್ಲಿ ಸಿಕ್ತದಾ ಅಂತ ಊರಲ್ಲಿ ಸರ್ಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರದಲ್ಲಿ ಕೇಳಿ ತೆಗ್ದಿಟ್ಕೊಳ್ಳಿ. ಆಧಾರ್ ಅಡ್ರೆಸ್ ದೆಹಲಿಗೆ ಹೋದ ಮೇಲೆ ಬದಲಾಯಿಸಿದ್ರೆ ಸಾಕು.

ಶಾಲೆ ವಿಷಯದಲ್ಲಿ ನಮ್ಮವರು ಎಡವುದು ತಿಂಗಳಿನ ಲೆಕ್ಕದಲ್ಲಿ. ನಮಗೆ ಜೂನ್ ಅಂದ್ರೆ ಶಾಲೆ ಸುರು, ಅಲ್ಲಿ ಏಪ್ರಿಲಿಗೇ ಸುರು. ಜೂನಿನಲ್ಲಿ ಹೋದ್ರೆ ಅಲ್ಲಿ ಬೇಸಿಗೆ ರಜೆ, ಗೇಟಿಗೆ ಬೀಗ, ಸೀಟೆಲ್ಲ ತುಂಬಿ ಆಗಿರ್ತದೆ. ಸಣ್ಣ ಮಕ್ಕಳ ನರ್ಸರಿಗೆ ಹಿಂದಿನ ವರ್ಷದ ನವೆಂಬರ್ ಕೊನೆ, ಡಿಸೆಂಬರಿನಲ್ಲೇ ಅರ್ಜಿ ಹಾಕ್ಬೇಕು, ಮನೆ ಶಾಲೆಗೆ ಎಷ್ಟು ಹತ್ರ ಅಂತಲೂ ಹೆಚ್ಚಿನ ಕಡೆ ಪಾಯಿಂಟ್ ಕೊಡ್ತಾರೆ, ಹಾಗಾಗಿ ಮಕ್ಕಳಿದ್ದವರು ಮೊದಲು ಶಾಲೆ ನೋಡಿ ಮತ್ತೆ ಮನೆ ನೋಡುದು ಒಳ್ಳೇದು. ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆ ಉಂಟು, ನಮ್ಮ ಭಾಷೆಯವರೇ ಕಟ್ಟಿದ್ದು, ಅಲ್ಲಿಗೆ ಒಮ್ಮೆ ಹೋಗಿ ಮಾತಾಡಿ ಬನ್ನಿ. ಕನ್ನಡ ಮೀಡಿಯಮ್ಮಿನಲ್ಲಿ ಕಲಿತ ಮಕ್ಕಳಿಗೆ ಹಿಂದಿ ಕಷ್ಟ ಆಗ್ತದೆ ಅಂತ ಹೆದರ್ಬೇಡಿ, ಗಲ್ಲಿಯಲ್ಲಿ ಆಡ್ಲಿಕ್ಕೆ ಬಿಟ್ರೆ ಆರು ತಿಂಗಳಲ್ಲಿ ನಮಗೇ ಹೇಳಿ ಕೊಡ್ತಾರೆ.

ಮನೆ ಬಾಡಿಗೆಗೆ 11 ತಿಂಗಳ ಅಗ್ರಿಮೆಂಟ್, ಬ್ರೋಕರಿಗೆ ಕಮಿಷನ್, ಪೊಲೀಸ್ ವೆರಿಫಿಕೇಶನ್, ಇದೆಲ್ಲ ಇದ್ದದ್ದೇ. ಮನೆ ನೋಡದೆ ಟೋಕನ್ ದುಡ್ಡು ಮಾತ್ರ ಕಳಿಸ್ಬೇಡಿ, ಫೋಟೋ ಎಷ್ಟೇ ಚಂದ ಇರ್ಲಿ. ನಳ್ಳಿ ನೀರು ಎಷ್ಟೊತ್ತಿಗೆ ಬರ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸ್ಬೇಕಾ ಅಂತ ಪಕ್ಕದ ಮನೆಯವರ ಹತ್ರ ಕೇಳಿ, ಓನರ್ ಹತ್ರ ಅಲ್ಲ. ಕರೆಂಟಿಗೆ ಬೇರೆ ಮೀಟರ್ ಉಂಟಾ, ಓನರಿನ ಮೀಟರಿಗೇ ಸೇರಿಸಿದ ಸಬ್‌ಮೀಟರಾ ಅಂತಲೂ ನೋಡಿ, ಯಾಕಂದ್ರೆ ಅಲ್ಲಿ 2019ರಿಂದ ತಿಂಗಳಿಗೆ 200 ಯೂನಿಟ್ ಒಳಗಿದ್ರೆ ಬಿಲ್ಲಿಲ್ಲ ಅಂತ ಸಬ್ಸಿಡಿ ಉಂಟು, ಸಬ್‌ಮೀಟರ್ ಆದ್ರೆ ಓನರ್ ಹೇಳಿದ ರೇಟು ಕೊಡ್ಬೇಕಾಗ್ತದೆ. ಟೆರೇಸಿನ ಕೆಳಗಿನ ಮನೆ ಅಗ್ಗಕ್ಕೆ ಸಿಕ್ತದೆ, ಮೇ ತಿಂಗಳಲ್ಲಿ 45 ಡಿಗ್ರಿ ಬಿಸಿಲು ಆ ಟೆರೇಸಿಗೆ ಬಿದ್ರೆ ರಾತ್ರಿಯೂ ಗೋಡೆ ಸುಡ್ತದೆ, ಬೇಡ.

ಇನ್ನು ಓಡಾಟ. ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದ್ರೆ ಎರಡು ರಾತ್ರಿ ಕಳ್ದು ನಿಜಾಮುದ್ದೀನ್. ಅಲ್ಲಿಂದಲೇ ಮೆಟ್ರೋದ ಪಿಂಕ್ ಲೈನ್ ಉಂಟು, ಮೊದಲ ತಿಂಗಳು ಆ ಒಂದು ಲೈನ್ ಸರಿಯಾಗಿ ಕಲ್ತರೆ ನಮ್ಮವರಿಗೆ ಅರ್ಧ ದೆಹಲಿ ಸಿಕ್ಕಿದ ಹಾಗೆ. ಒಂದು ಕಡೆ ಮಯೂರ್ ವಿಹಾರ್, ಅಲ್ಲಿ ಉತ್ತರ ಗುರುವಾಯೂರಪ್ಪನ ಗುಡಿ. ಇನ್ನೊಂದು ಕಡೆ ಹೋದ್ರೆ ಐಎನ್‌ಎ, ಅಲ್ಲಿನ ಮಾರ್ಕೆಟಿನಲ್ಲಿ ಕುಚ್ಚಲಕ್ಕಿ, ತೆಂಗಿನೆಣ್ಣೆ, ಮರಗೆಣಸು, ಮೀನು ಎಲ್ಲ ಸಿಕ್ತದೆ, ಅಂಗಡಿಯವರ ಹತ್ರ ಮಲಯಾಳದಲ್ಲೇ ಮಾತಾಡ್ಬಹುದು. ಅಲ್ಲಿಂದ ಮೂರು ಸ್ಟೇಶನ್ ಮುಂದೆ ಹೋದ್ರೆ ಮೋತಿಬಾಗ್, ಆ ಸ್ಟೇಶನ್ನಿಗೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರೇ ಇಟ್ಟಿದ್ದಾರೆ, ಇಳಿದ್ರೆ ಹತ್ರವೇ ರಾವ್ ತುಲಾರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘ. ಸ್ಮಾರ್ಟ್ ಕಾರ್ಡ್ ಮಾಡಿಸಿದ್ರೆ ಟಿಕೆಟಿನಲ್ಲಿ 10 ಪರ್ಸೆಂಟ್ ಕಮ್ಮಿ. ರೈಲು ಹೋಗುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೆ, ಗೊತ್ತಿಲ್ಲದೆ ಗಂಡಸರು ಹತ್ತಿದ್ರೆ ದಂಡ.

ಚಳಿ ಮತ್ತೆ ಹವೆ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳ್ತೇನೆ, ನಮ್ಮ ಕಡೆಯವರಿಗೆ ಇದರ ಅಂದಾಜು ಇರುದಿಲ್ಲ. ಡಿಸೆಂಬರ್ ಕೊನೆ, ಜನವರಿಯಲ್ಲಿ ನಾಲ್ಕೈದು ಡಿಗ್ರಿಗೆ ಇಳೀತದೆ, ತೆಂಗಿನೆಣ್ಣೆ ಡಬ್ಬದಲ್ಲಿ ಕಲ್ಲಾಗ್ತದೆ, ದೋಸೆ ಹಿಟ್ಟು ಎರಡು ದಿನ ಇಟ್ರೂ ಉಬ್ಬುದಿಲ್ಲ, ನನ್ನ ಹೆಂಡತಿ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಇಡ್ತಿದ್ಳು. ಸ್ವೆಟರ್ ಊರಿನಿಂದ ತಗೊಂಡು ಹೋಗ್ಬೇಡಿ, ಅಲ್ಲೇ ಒಳ್ಳೇದು ಅಗ್ಗಕ್ಕೆ ಸಿಕ್ತದೆ. ಅದಕ್ಕಿಂತ ಮೊದಲು ಅಕ್ಟೋಬರ್ ಕೊನೆ, ನವೆಂಬರಿನಲ್ಲಿ ಗಾಳಿ ಕೆಡ್ತದೆ, ಸುತ್ತಲಿನ ರಾಜ್ಯಗಳಲ್ಲಿ ಗದ್ದೆಯ ಕೂಳೆಗೆ ಬೆಂಕಿ ಹಾಕುದು, ಗಾಡಿಯ ಹೊಗೆ, ದೀಪಾವಳಿ ಪಟಾಕಿ, ಗಾಳಿಯೇ ಬೀಸದ್ದು, ಎಲ್ಲ ಸೇರಿ ಎಕ್ಯುಐ, ಅಂದ್ರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಅಳೆಯುವ ಲೆಕ್ಕ, 400 ದಾಟುವ ದಿನ ಉಂಟು. ಉಬ್ಬಸ ಇದ್ದ ಅಪ್ಪ ಅಮ್ಮನನ್ನು ಆ ಸಮಯದಲ್ಲಿ ದೆಹಲಿಗೆ ಕರ್ಕೊಂಡು ಹೋಗ್ಬೇಡಿ, ಫೆಬ್ರವರಿ ಮಾರ್ಚಿಗೆ ಕರೀರಿ, ಆಗ ಹೂ ಬಿಟ್ಟು ಊರೇ ಚಂದ ಇರ್ತದೆ. ಎನ್95 ಮಾಸ್ಕ್ ಮನೆಯಲ್ಲಿ ಇರ್ಲಿ. ಬಟ್ಟೆ ಮಾಸ್ಕ್ ಪ್ರಯೋಜನ ಇಲ್ಲ.

ಮತ್ತೆ ಒಂದು ಮಾತು, ಇದು ನಮ್ಮವರಿಗೆ ಮಾತ್ರ ಬರುವ ತೊಂದರೆ. ಆಧಾರಿನಲ್ಲಿ ಕೇರಳ ಅಂತ ಇರ್ತದೆ, ಬಾಯಲ್ಲಿ ಕನ್ನಡ, ಮನೆಯೊಳಗೆ ತುಳುವೋ ಹವ್ಯಕವೋ. ಕನ್ನಡದವರು "ನೀವು ಕೇರಳದವರಲ್ವಾ" ಅಂತಾರೆ, ಮಲಯಾಳಿಗಳು "ನೀವು ಕನ್ನಡದವರಲ್ವಾ" ಅಂತಾರೆ, 1956ರ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಕತೆ ಎಷ್ಟು ಜನಕ್ಕೆ ಹೇಳುದು. ಇದರಿಂದ ನಾಚಿ ಎರಡೂ ಕಡೆ ಹೋಗದೆ ಮನೆಯಲ್ಲೇ ಕೂತ ಮನೆಯವರನ್ನು ನಾನು ನೋಡಿದ್ದೇನೆ, ಅದರಲ್ಲೂ ಗಂಡ ಆಫೀಸಿಗೆ ಹೋದ ಮೇಲೆ ಒಬ್ಬರೇ ಇರುವ ಹೆಂಗಸರಿಗೆ ತುಂಬಾ ಕಷ್ಟ ಆಗ್ತದೆ. ಹಾಗೆ ಮಾಡ್ಬೇಡಿ ಮಾರಾಯ್ರೆ, ಎರಡೂ ಬಾಗಿಲು ನಮ್ಮದೇ. ಸರ್ಕಾರಿ ಕಾಗದದ ತೊಂದರೆ ಬಂದ್ರೆ ಜಂತರ್ ಮಂತರ್ ರಸ್ತೆಯ ಕೇರಳ ಹೌಸಿನಲ್ಲಿ ವಿಚಾರಿಸಿ, ಅಲ್ಲಿನ ಕ್ಯಾಂಟೀನಿನಲ್ಲಿ ಮೀನು ಸಾರಿನ ಊಟವೂ ಉಂಟು. ದೊಡ್ಡ ಆಸ್ಪತ್ರೆಗೆ ಹೋದಾಗ ಹಿಂದಿ ತಡವರಿಸಿದ್ರೆ ನರ್ಸುಗಳ ಹತ್ರ ಮಲಯಾಳದಲ್ಲಿ ಮಾತಾಡಿ ನೋಡಿ, ಹತ್ತರಲ್ಲಿ ಒಬ್ರಾದ್ರೂ ಊರಿನವರ ಹಾಗೆ ಕೈ ಹಿಡ್ದು ಕರ್ಕೊಂಡು ಹೋಗ್ತಾರೆ. ಯಕ್ಷಗಾನ, ನಾಟಕ, ರಾಜ್ಯೋತ್ಸವ ಅಂದ್ರೆ ಕರ್ನಾಟಕ ಸಂಘಕ್ಕೆ ಹೋಗಿ, ಮೆಂಬರ್ ಆಗಿ, ಮಕ್ಕಳನ್ನು ಸ್ಟೇಜಿಗೆ ಹತ್ತಿಸಿ. ಜೆಎನ್‌ಯುವಿನಲ್ಲಿ 2015ರಿಂದ ಕನ್ನಡ ಪೀಠವೂ ಉಂಟು, ಓದುವ ಮಕ್ಕಳಿದ್ರೆ ಹೇಳಿ.

ಕೊನೆಗೆ ಊರಿಗೆ ಬರುವ ಟಿಕೆಟ್. ಬುಕಿಂಗ್ 60 ದಿನ ಮೊದಲು ಓಪನ್ ಆಗ್ತದೆ, ಮೇ ನಡುವಿಗೆ ರಜೆ ಸುರುವಾಗುವ ಕಾರಣ ಮಾರ್ಚ್ ನಡುವಿಗೇ ಬೆಳಿಗ್ಗೆ ಎಂಟಕ್ಕೆ ಕೂತು ಮಾಡ್ಬೇಕು. ವಾಪಸ್ ಹೋಗುವಾಗ ಕೊಂಕಣ ರೈಲಿಗೆ ಮಳೆಗಾಲದ ಟೈಂಟೇಬಲ್ ಬಂದಿರ್ತದೆ, ಹೊರಡುವ ಹೊತ್ತು ಬೇರೆ, ಅದನ್ನು ನೋಡ್ಕೊಂಡು ಸ್ಟೇಶನ್ನಿಗೆ ಬನ್ನಿ. ಸುಲಿದ ತೆಂಗಿನಕಾಯಿ ಹತ್ತಿಪ್ಪತ್ತು ಸೀಟಿನ ಅಡಿಯಲ್ಲಿ ಹಿಡೀತದೆ.