ಹನ್ನೊಂದು ಕಡೆ ಇದ್ದ ಸಂಗೀತ ನಾಲ್ಕಕ್ಕೆ ಇಳಿದ ಕಥೆ

ಡೈರೆಕ್ಟರ್ ಗೆಳೆಯ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಗುರು, ಬೇಜಾರು ಮಾಡ್ಕೋಬೇಡ. ಅತ್ತೆ ಸೊಸೆ ಸೀರಿಯಲ್ ಥರ ಇದೆ’ ಅಂದ.

ಅವನ ಸಿನಿಮಾಗೆ ನಾನು ಮಾಡಿದ ಹಿನ್ನೆಲೆ ಸಂಗೀತ, ಮೂರು ವಾರದ ಕೆಲಸ ಅದು. 22 ನಿಮಿಷದ ಕಪ್ಪು ಬಿಳುಪು ಕಿರುಚಿತ್ರ. ಮೆಜೆಸ್ಟಿಕ್ ಹತ್ತಿರದ ಒಂದು ಲಾಡ್ಜು, ರಾತ್ರಿ ಪಾಳಿಯ ಕ್ಲರ್ಕು, ರೂಮಿನಲ್ಲೇ ಸತ್ತುಹೋದ ಗಿರಾಕಿಯ ಮಂಚದ ಕೆಳಗೆ ಸಿಕ್ಕ ದುಡ್ಡು. ಗೆಳೆಯನಿಗೆ 1940ರ ದಶಕದ ಹಾಲಿವುಡ್ ನ್ವಾರ್, ಅಂದರೆ ಕತ್ತಲು, ಅಪರಾಧ, ಮೋಸದ ಸಿನಿಮಾಗಳ ಹುಚ್ಚು. ‘ಆ ಕಾಲದ ಆರ್ಕೆಸ್ಟ್ರಾ ಥರ ಮಾಡಿಕೊಡು’ ಅಂದಿದ್ದ. ನಾನು ಕಲಿತದ್ದು ಕರ್ನಾಟಕ ಸಂಗೀತದ ಪಿಟೀಲು. ಹೊಟ್ಟೆಪಾಡಿಗೆ ಕೀಬೋರ್ಡು, ಜಾಹೀರಾತು, ಆಗಾಗ ಒಂದಿಷ್ಟು ರೀರೆಕಾರ್ಡಿಂಗ್. ಆರ್ಕೆಸ್ಟ್ರಾ ಅಂದರೆ ಪಿಟೀಲು ಜಾಸ್ತಿ, ಅಷ್ಟೇ ಅಂದುಕೊಂಡಿದ್ದೆ. ಲ್ಯಾಪ್‌ಟಾಪಿನಲ್ಲಿದ್ದ ಸ್ಯಾಂಪಲ್‌ಗಳನ್ನೆಲ್ಲ ತಂದು ಸುರಿದೆ. ಹನ್ನೊಂದು ಕ್ಯೂ, ಅಂದರೆ ಸಂಗೀತದ ತುಣುಕು, ಆದವು. ಕ್ಲರ್ಕ್ ಬಾಗಿಲು ತೆರೆದರೂ ಸಂಗೀತ, ಮುಚ್ಚಿದರೂ ಸಂಗೀತ.

ಬೈದುಕೊಂಡೇ ಮನೆಗೆ ಬಂದು ‘ಡಬಲ್ ಇಂಡೆಮ್ನಿಟಿ’ ಹಾಕಿದೆ. 1944ರ ಸಿನಿಮಾ, ಬಿಲ್ಲಿ ವೈಲ್ಡರ್ ನಿರ್ದೇಶನ, ಮಿಕ್ಲೋಶ್ ರೋಝಾ ಸಂಗೀತ. ಮೊದಲೂ ನೋಡಿದ್ದೆ, ಆದರೆ ಕಥೆಗೋಸ್ಕರ. ಈ ಸಲ ಲ್ಯಾಪ್‌ಟಾಪನ್ನು ಗೋಡೆ ಕಡೆ ತಿರುಗಿಸಿ, ಸುಮ್ನೆ ಕೇಳಿಸಿಕೊಂಡೆ. ಸಂಗೀತ ಎಲ್ಲಿ ಶುರು, ಎಲ್ಲಿ ನಿಂತಿತು ಅಂತ ನೋಟ್‌ಬುಕ್ಕಿನಲ್ಲಿ ನಿಮಿಷ, ಸೆಕೆಂಡ್ ಗುರುತು ಹಾಕಿಕೊಂಡೆ. ಆಮೇಲೆ ಅದೇ ಜಾಗಗಳನ್ನು ಸೌಂಡ್ ಬಂದ್ ಮಾಡಿ ನೋಡಿದೆ.

ಟೈಟಲ್ ಕಾರ್ಡುಗಳ ಹಿಂದೆ ಊರುಗೋಲು ಹಿಡಿದ ಮನುಷ್ಯನ ನೆರಳೊಂದು ನಮ್ಮ ಕಡೆಗೇ ನಡೆದುಬರುತ್ತದೆ. ಅದರ ಜತೆಗೆ ಭಾರವಾಗಿ ಕಾಲೆಳೆಯುವ ನಡಿಗೆಯ ಸಂಗೀತ. ಹೆಚ್ಚುಕಡಿಮೆ ಶವಯಾತ್ರೆ. ಅದು ಮುಗಿದ ಸ್ವಲ್ಪ ಹೊತ್ತಿಗೇ ಗುಂಡೇಟು ತಿಂದ ನಾಯಕ ಆಫೀಸಿಗೆ ಬಂದು ಕೂತು ಮಾತು ಮುದ್ರಿಸುವ ಡಿಕ್ಟಾಫೋನಿಗೆ ಎಲ್ಲ ಒಪ್ಪಿಕೊಂಡುಬಿಡುತ್ತಾನೆ. ಕೊಲೆ ಮಾಡಿದ್ದೂ ಗೊತ್ತು, ಮಾಡಿ ದಕ್ಕಲಿಲ್ಲ ಅನ್ನುವುದೂ ಗೊತ್ತು. ಉಳಿದ ಸಿನಿಮಾ ಬಹುತೇಕ ಹಿಂದೆ ನಡೆದದ್ದು. ನನಗೆ ಅಲ್ಲಿ ಹೊಳೆಯಿತು. ನನ್ನ ಸಂಗೀತ ‘ಮುಂದೇನಾಗುತ್ತೋ’ ಅಂತ ಕೇಳುತ್ತಿತ್ತು. ರೋಝಾ ಸಂಗೀತ ‘ಆಗಿಹೋಯಿತಲ್ಲ’ ಅನ್ನುತ್ತಿದೆ. ಆ ಗಂಡು ಹೆಣ್ಣು ಚಟಾಕಿ ಹಾರಿಸಿಕೊಂಡು ಸಂಚು ಹೂಡುವಾಗಲೂ ಅದು ನಗುವುದಿಲ್ಲ. ಅಂಥ ಕಡೆ ಶೂಬರ್ಟನ ‘ಅನ್‌ಫಿನಿಶ್ಡ್ ಸಿಂಫೊನಿ’ಯ ಶುರುವಿನಲ್ಲಿ ಬರುವಂಥ ಚಡಪಡಿಸುವ ತಂತಿ ನಾದ ಇರಲಿ ಅಂತ ವೈಲ್ಡರೇ ಸೂಚಿಸಿದ್ದಂತೆ. ಸ್ಟುಡಿಯೋದ ಸಂಗೀತ ವಿಭಾಗದ ಮುಖ್ಯಸ್ಥರಿಗೆ ಮಾತ್ರ ರೋಝಾ ಕರ್ಕಶ ಸ್ವರಗಳು ಹಿಡಿಸಿರಲಿಲ್ಲ. ಇದು ನ್ಯೂಯಾರ್ಕಿನ ಕಛೇರಿ ಸಭಾಂಗಣ ಕಾರ್ನೆಗಿ ಹಾಲ್‌ಗೆ ಸರಿ, ಸಿನಿಮಾಗಲ್ಲ ಅನ್ನುವುದು ಅವರ ತಕರಾರು. ಸದ್ಯ, ನಿರ್ದೇಶಕ ಪಟ್ಟು ಬಿಡಲಿಲ್ಲ.

ಹನ್ನೊಂದರಲ್ಲಿ ಏಳು ಕ್ಯೂ ಅಳಿಸಿದೆ. ಬ್ಯಾಕಪ್ ಇಟ್ಟುಕೊಂಡೆ ಅನ್ನಿ.

ಮುಂದಿನ ತಪ್ಪು ಇನ್ನೂ ಮಜವಾಗಿದೆ. ಭಯ ಹುಟ್ಟಿಸಬೇಕಾದರೆ ಟ್ರೈಟೋನ್, ಅಂದರೆ ಮೂರು ಪೂರ್ಣ ಸ್ವರ ದೂರದ ಎರಡು ಸ್ವರ, ಹಾಕು ಅಂತ ಪಾಶ್ಚಾತ್ಯ ಸಂಗೀತದ ಪಾಠಗಳಲ್ಲೆಲ್ಲ ಬರುತ್ತದೆ. ಯುರೋಪಿನಲ್ಲಿ ಅದಕ್ಕೆ ಸೈತಾನನ ಹೆಸರೇ ಇದೆ. ಸರಿ ಅಂತ ಮಂದ್ರದಲ್ಲಿ ಚೆಲ್ಲೋ, ಮೇಲೆ ವಯೋಲಾ (ಎರಡೂ ಪಿಟೀಲಿಗಿಂತ ದೊಡ್ಡ, ತಗ್ಗು ದನಿಯ ವಾದ್ಯಗಳು) ಇಟ್ಟು ಅದನ್ನೇ ನುಡಿಸಿದೆ. ಒಳಗಿನಿಂದ ಅಮ್ಮ, ‘ಏನೋ ಅದು, ಕಲ್ಯಾಣಿ ಶುರು ಮಾಡಿ ಅರ್ಧಕ್ಕೆ ನಿಲ್ಲಿಸ್ತೀಯಲ್ಲ’ ಅಂದರು. ಹೌದಲ್ವಾ! ಸಾದಿಂದ ಪ್ರತಿ ಮಧ್ಯಮ, ಕಲ್ಯಾಣಿ ರಾಗದ ಸ್ವರವೇ. ಅವರಿಗೆ ಸೈತಾನ, ನಮಗೆ ಸಂಜೆ ಕಛೇರಿ. ನಮ್ಮ ಕಿವಿಗೆ ಅದರಿಂದ ಯಾವ ಭಯವೂ ಇಲ್ಲ.

ಕೆಲಸಕ್ಕೆ ಬಂದದ್ದು ಬೇರೆ. ಷಡ್ಜದ (ಸ) ಪಕ್ಕದಲ್ಲೇ ಶುದ್ಧ ರಿಷಭ (ಕೆಳಗಿನ ರಿ). ಸರಳೆ ವರಸೆಯ ಮೊದಲ ದಿನವೇ ಹಾಡುವ ಸ್ವರ ಅದು, ಆದರೆ ಅಲ್ಲಿ ರಿಷಭವನ್ನು ಮುಟ್ಟಿ ದಾಟಿ ಹೋಗುತ್ತೇವೆ. ಎರಡನ್ನೂ ಅಲುಗಾಡಿಸದೆ, ಒಟ್ಟಿಗೆ, ತುಂಬ ಕೆಳಗೆ ಹಿಡಿದು ನಿಲ್ಲಿಸಿದರೆ ಬೇರೆಯೇ ಆಗುತ್ತದೆ. ಚೆಲ್ಲೋದ ಕೊನೆಯ ತಂತಿ ಸುಮಾರು 65 ಹರ್ಟ್ಸ್, ಅದರ ಮೇಲಿನ ಅರ್ಧ ಸ್ವರ ಸುಮಾರು 69. ಎರಡೂ ಸೇರಿದಾಗ ಸೆಕೆಂಡಿಗೆ ನಾಲ್ಕು ಸಲ ನಾದ ಉಬ್ಬಿ ಇಳಿಯುತ್ತದೆ. ಕಿವಿಗಿಂತ ಮೊದಲು ಹೊಟ್ಟೆಗೆ ಗೊತ್ತಾಗುತ್ತದೆ. ಕ್ಲರ್ಕ್ ಮಂಚದ ಕೆಳಗೆ ಬಗ್ಗಿ ನೋಡುವ ಜಾಗಕ್ಕೆ ಅದೊಂದೇ ಸಾಕಾಯಿತು.

ಆ ಕಾಲದ ದೊಡ್ಡ ಸ್ಟುಡಿಯೋಗಳಲ್ಲಿ ಸಂಬಳದ ಆರ್ಕೆಸ್ಟ್ರಾವೇ ಇರುತ್ತಿತ್ತು. ನಮ್ಮ ಬಜೆಟ್ಟಿಗೆ ಸಿಕ್ಕಿದ್ದು ಇಬ್ಬರು, ಒಂದು ಮಧ್ಯಾಹ್ನಕ್ಕೆ: ವಯೋಲಾ ಒಬ್ಬರು, ಚೆಲ್ಲೋ ಒಬ್ಬರು. ಉಳಿದದ್ದು ಸ್ಯಾಂಪಲ್. ಆದರೆ ಎರಡು ನಿಜವಾದ ಕಮಾನು ಮುಂದೆ ಇದ್ದರೆ ಹಿಂದಿನ ಸುಳ್ಳೆಲ್ಲ ನಂಬಿಕೆಗೆ ಬರುತ್ತದೆ. ವಯೋಲಾದವರಿಗೆ ಕಮಾನನ್ನು ಕುದುರೆಯ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ಪಟ್ಟಿಯ, ಹತ್ತಿರ, ಬಹುತೇಕ ಅದರ ಮೇಲೇ ಎಳೆಯಿರಿ ಅಂದೆ. ನಾದ ತೆಳ್ಳಗಾಗಿ, ಗಾಜು ಗೀಚಿದ ಹಾಗೆ ಕೇಳಿತು. ತೊಂದರೆ ಬಂದದ್ದು ನನ್ನಿಂದಲೇ. ಹಾಡಿ ತೋರಿಸುವಾಗ ಪ್ರತಿ ಸ್ವರಕ್ಕೂ ಗಮಕ, ಅಂದರೆ ಅಲುಗಾಟ, ಸೇರಿಸುತ್ತಿದ್ದೆ. ಅವರು ಅದನ್ನೇ ನುಡಿಸಿದರು. ಕೇಳಿದರೆ ಕರುಣೆ, ಕಣ್ಣೀರು, ಮತ್ತೆ ಅದೇ ಸೀರಿಯಲ್! ಗಮಕ ಅಂದರೆ ನಮಗೆ ಮನಸ್ಸು ಬಿಚ್ಚಿ ಹೇಳುವುದು. ನ್ವಾರ್‌ನಲ್ಲಿ ಯಾರೂ ಮನಸ್ಸು ಬಿಚ್ಚುವುದಿಲ್ಲ. ಸ್ವರ ಗೂಟ ಹೊಡೆದ ಹಾಗೆ ನಿಲ್ಲಬೇಕು. ಒಂದೇ ಒಂದು ಕಡೆ, ಕ್ಲರ್ಕ್ ಹೆಂಡತಿಗೆ ಫೋನ್ ಮಾಡಿ ಸುಳ್ಳು ಹೇಳುವಾಗ, ಚೆಲ್ಲೋ ಸ್ವಲ್ಪ ಜಾರಲಿ ಅಂತ ಬಿಟ್ಟೆ.

ರೂಮಿನಲ್ಲಿ ಕ್ಲರ್ಕ್ ಒಂಟಿಯಾಗಿ ಕೂರುವ ಜಾಗಕ್ಕೆ ಏನು ಮಾಡುವುದು ಅಂತ ಹೊಳೆದದ್ದು ‘ಲಾರಾ’ದಿಂದ. ಅದೂ 1944ರದ್ದೇ, ಸಂಗೀತ ಡೇವಿಡ್ ರಾಕ್ಸಿನ್. ಅದರ ಮುಖ್ಯ ಧಾಟಿ ಹುಟ್ಟಿದ್ದು ಒಂದು ವಾರಾಂತ್ಯದಲ್ಲಿ. ನಿರ್ದೇಶಕ ಪ್ರೆಮಿಂಜರ್ ಆಗಲೇ ಇದ್ದ ಬೇರೆ ಹಾಡೊಂದನ್ನು ಹಾಕಲು ಹೊರಟಿದ್ದರು. ಬೇಡ ಅಂದ ರಾಕ್ಸಿನ್‌ಗೆ ಸಿಕ್ಕ ಗಡುವು ಸೋಮವಾರ. ಬಿಟ್ಟುಹೋಗುತ್ತಿದ್ದ ಹೆಂಡತಿಯ ಪತ್ರವನ್ನು ಪಿಯಾನೋ ಮೇಲಿಟ್ಟುಕೊಂಡು ಕೂತಾಗ ಅದು ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ. ಆ ಕಥೆ ಎಲ್ಲರಿಗೂ ಇಷ್ಟ. ನನಗೆ ಬೇಕಾದದ್ದು ಇನ್ನೊಂದು. ಪತ್ತೇದಾರ ರಾತ್ರಿ ಸತ್ತವಳ ಮನೆಯಲ್ಲಿ ಒಬ್ಬನೇ ಓಡಾಡುತ್ತಾನೆ, ಅವಳ ಚಿತ್ರ ನೋಡುತ್ತಾನೆ. ಅಲ್ಲಿ ಪಿಯಾನೋದ ಏಟಿನ ಸದ್ದು ಬಿಟ್ಟು, ಆಮೇಲೆ ಉಳಿಯುವ ಗುಂಯ್‌ಗುಡುವಿಕೆಯನ್ನಷ್ಟೇ ರೆಕಾರ್ಡ್ ಮಾಡಿ ಬಳಸಿದ್ದಾರೆ. ಮುಟ್ಟಿದ ಕೈ ಇಲ್ಲ, ನಾದ ಮಾತ್ರ ಇದೆ. ಸತ್ತವಳೊಬ್ಬಳ ಮೇಲೆ ಮನಸ್ಸಾಗುವುದು ಹೀಗೇ ಕೇಳಿಸಬೇಕು.

ನಾನು ತಂಬೂರಿ ತೆಗೆದೆ. ಮನೆಯದೇ, ಹಳೇದು. ನಾಲ್ಕು ತಂತಿಯನ್ನೂ ಒಂದೊಂದಾಗಿ ಮೀಟಿ ರೆಕಾರ್ಡ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಬೆರಳು ತಗಲುವ ಸದ್ದನ್ನು ಕತ್ತರಿಸಿ ಎಸೆದೆ. ಪಂಚಮದ ತಂತಿಯನ್ನು ಪೂರ್ತಿ ಬಿಟ್ಟೆ. ಉಳಿದದ್ದು ತಂಬೂರಿ ಅಂತ ಯಾರಿಗೂ ಗುರುತು ಸಿಗುವುದಿಲ್ಲ. ಅದರ ಕೆಳಗೆ ವಯೋಲಾದ ಒಂದೇ ಸ್ವರ.

ಇನ್ನು, ದುಡ್ಡು ಎಣಿಸುವ ದೊಡ್ಡ ದೃಶ್ಯ. ಅಲ್ಲಿಗೆ ಏನು ಬರೆದರೂ ಕೂರಲಿಲ್ಲ. ಮತ್ತೆ ರೋಝಾ ಹತ್ತಿರವೇ ಹೋದೆ. 1950ರ ‘ದಿ ಆಸ್ಫಾಲ್ಟ್ ಜಂಗಲ್’ನಲ್ಲಿ ಅವರ ಆರ್ಕೆಸ್ಟ್ರಾ ಕೇಳುವುದು ಶುರುವಿನಲ್ಲಿ, ಆಮೇಲೆ ಕೊನೆಯಲ್ಲಿ. ನಡುವೆ ಕಳ್ಳತನ ನಡೆದರೂ ಇಲ್ಲ, ಗುಂಡು ಹಾರಿದರೂ ಇಲ್ಲ. ಜೂಕ್‌ಬಾಕ್ಸಿನ ಹಾಡಿನಂಥದ್ದು ಬಿಟ್ಟರೆ ಬರೀ ಮೌನ. ಕೊನೆಗೆ ರಕ್ತ ಸುರಿಸಿಕೊಂಡು ಕಳ್ಳರಲ್ಲೊಬ್ಬನಾದ ಡಿಕ್ಸ್ ತನ್ನ ಊರಿನ ಕುದುರೆ ಹೊಲದ ಕಡೆ ಕಾರು ಓಡಿಸುವಾಗ ಆರ್ಕೆಸ್ಟ್ರಾ ಬರುತ್ತದೆ. ಅಷ್ಟು ಹೊತ್ತು ಕಾಯಿಸಿದ್ದಕ್ಕೇ ಅದು ಎದೆಗೆ ಬಡಿಯುತ್ತದೆ.

ಮಿಕ್ಸಿಂಗ್ ದಿನ ಸೌಂಡ್ ಎಂಜಿನಿಯರ್ ಫೋನ್ ಮಾಡಿದರು. ‘ಸರ್, ಒಂಬತ್ತನೇ ನಿಮಿಷದಿಂದ ಹದಿನಾರರವರೆಗೆ ಟ್ರ್ಯಾಕ್ ಖಾಲಿ ಇದೆ. ಫೈಲ್ ಕಳಿಸೋದು ಮರೆತ್ರಾ?’ ಇಲ್ಲ, ಅಲ್ಲಿ ಫ್ಯಾನಿನ ಕಿರಕಿರಿ ಜೋರು ಮಾಡಿ ಅಂದೆ.

ಗೆಳೆಯ ಒಪ್ಪಿದ. ನನಗೆ ಕೊನೆಯ ಕ್ಯೂನಲ್ಲಿ ಚೆಲ್ಲೋ ಈಗಲೂ ಒಂದು ಚೂರು ಜಾಸ್ತಿ ಅನಿಸುತ್ತದೆ.