ತುರ್ತು ವಿಭಾಗಕ್ಕೆ ಹೊಸದಾಗಿ ಬಂದ ಸಿಸ್ಟರ್‌ಗಳಿಗೆ

ಕೋಲಾರದಲ್ಲಿ ನಾನು ಕೆಲಸ ಮಾಡುವ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊಸ ನರ್ಸ್‌ಗಳು ಬಂದಾಗಲೆಲ್ಲ ಮೊದಲು ಕೇಳುವುದು ಮಾನಿಟರ್ ಬಗ್ಗೆ. ಮಾನಿಟರ್ ಆಮೇಲೆ. 108 ಆಂಬುಲೆನ್ಸಿನಿಂದ ಸ್ಟ್ರೆಚರ್ ಇಳಿಸುತ್ತಿರುವಾಗಲೇ ರೋಗಿಯ ಹೆಸರು ಹಿಡಿದು ಗಟ್ಟಿಯಾಗಿ ಕರೆಯಿರಿ. ಸ್ಪಷ್ಟವಾಗಿ ಉತ್ತರ ಬಂದರೆ ಶ್ವಾಸನಾಳ ತೆರೆದಿದೆ, ಮೆದುಳಿಗೆ ರಕ್ತ ಹೋಗುತ್ತಿದೆ ಎಂದು ಸದ್ಯಕ್ಕೆ ತಿಳಿಯಬಹುದು. ಉತ್ತರವಿಲ್ಲದೆ ಗೊರಕೆಯಂಥ ಸದ್ದು ಬಂದರೆ ನಾಲಿಗೆ ಹಿಂದಕ್ಕೆ ಬಿದ್ದಿದೆ, ದವಡೆಯನ್ನು ಮುಂದಕ್ಕೆ ಎತ್ತಿ ಹಿಡಿಯಿರಿ. ಗೊಳಗೊಳ ಸದ್ದಿದ್ದರೆ ಗಂಟಲಲ್ಲಿ ದ್ರವ ತುಂಬಿದೆ, ಸಕ್ಷನ್ ಮಾಡಿ, ಅಂದರೆ ನಳಿಕೆಯಿಂದ ಹೀರಿ ತೆಗೆಯಿರಿ. ಆದರೆ ಒಂದು ಸಲಕ್ಕೆ 10–15 ಸೆಕೆಂಡ್ ಮೀರಬೇಡಿ, ಆ ಹೊತ್ತಿನಲ್ಲಿ ರೋಗಿಗೆ ಆಮ್ಲಜನಕ ಸಿಗುವುದಿಲ್ಲ.

ಆಮೇಲೆ ಉಸಿರು. ಎಲ್ಲರ ಕೇಸ್‌ಶೀಟಿನಲ್ಲೂ ಉಸಿರಾಟದ ಮುಂದೆ 20 ಎಂದು ಬರೆದುಬಿಡುವ ರೂಢಿ ಕಂಡರೆ ನನಗೆ ಸಿಟ್ಟು ಬರುತ್ತದೆ. ರಕ್ತದೊತ್ತಡ ಕುಸಿಯುವ ಮೊದಲೇ ಅನೇಕ ರೋಗಿಗಳ ಉಸಿರಿನ ವೇಗ ಬದಲಾಗಿರುತ್ತದೆ, ನಮಗೆ ಸಿಗುವ ಮುನ್ಸೂಚನೆ ಅದೇ. ನಾಡಿ ಹಿಡಿದವರಂತೆ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಎದೆಯನ್ನು ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುತ್ತಿದ್ದೀರಿ ಎಂದು ಗೊತ್ತಾದರೆ ರೋಗಿಯ ಉಸಿರಾಟವೇ ಬದಲಾಗುತ್ತದೆ. 30 ದಾಟಿದ್ದರೆ ಅಥವಾ 8ಕ್ಕಿಂತ ಕಡಿಮೆಯಿದ್ದರೆ ಉಳಿದ ಕೆಲಸ ಬಿಟ್ಟು ವೈದ್ಯರನ್ನು ಕರೆಯಿರಿ.

ಚೀಲವಿರುವ ಆಮ್ಲಜನಕ ಮಾಸ್ಕ್ ಹಾಕುವ ಮೊದಲು ಚೀಲ ಉಬ್ಬಲಿ, ಹರಿವು ನಿಮಿಷಕ್ಕೆ 10–15 ಲೀಟರ್ ಇರಲಿ. ಹೆಚ್ಚಿನವರಿಗೆ ಆಮ್ಲಜನಕದ ಮಟ್ಟ ಶೇ. 94ರಿಂದ 98 ಇದ್ದರೆ ಸಾಕು. ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಕೆಟ್ಟ ಹಿರಿಯರಿಗೆ ಸಾಮಾನ್ಯವಾಗಿ 88ರಿಂದ 92ರ ಗುರಿ ಇಡುತ್ತಾರೆ, ವೈದ್ಯರನ್ನು ಕೇಳಿಕೊಳ್ಳಿ. ಬೆರಳು ತಣ್ಣಗಿದ್ದರೂ ಉಗುರಿಗೆ ಬಣ್ಣವಿದ್ದರೂ ಆಕ್ಸಿಮೀಟರ್ ಹೇಳುವುದನ್ನು ನಂಬಬೇಡಿ.

ರಕ್ತಸ್ರಾವವಿದ್ದರೆ ಎರಡು ಕೈಗೂ ದೊಡ್ಡ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಕೊಳವೆ) ಹಾಕಿ, ಹಸಿರು ಬಣ್ಣದ್ದು ಅಥವಾ ಬೂದು ಬಣ್ಣದ್ದು. ರಕ್ತದ ಗುಂಪಿನ ಪರೀಕ್ಷೆಗೆ ಅದೇ ಚುಚ್ಚಿನಲ್ಲಿ ರಕ್ತ ತೆಗೆದುಬಿಡಿ. ಎದೆನೋವು ಎಂದವರಿಗೆ 10 ನಿಮಿಷದೊಳಗೆ ಇಸಿಜಿ. ಪ್ರಜ್ಞೆ ತಪ್ಪಿದವರು ಯಾರೇ ಆಗಲಿ, ಬೆರಳು ಚುಚ್ಚಿ ಸಕ್ಕರೆ ನೋಡಿ. ಕುಡಿದು ಬಿದ್ದಿದ್ದಾನೆ ಎಂದು ಕರೆತಂದವರು ಎಷ್ಟೇ ಹೇಳಿದರೂ ನೋಡಿ.

ನಮ್ಮ ಕಡೆ ಟೊಮೆಟೊ ಮತ್ತು ತರಕಾರಿ ಬೆಳೆಯುವ ಮನೆಗಳಲ್ಲಿ ಕೀಟನಾಶಕ ಕೈಗೆಟಕುವಂತಿರುತ್ತದೆ. ಹಾಗಾಗಿ ಆರ್ಗನೋಫಾಸ್ಫೇಟ್ ಎಂಬ ಬಗೆಯ ಕೀಟನಾಶಕದ ವಿಷ ಏರಿದ ರೋಗಿಗಳನ್ನು ನೋಡಿಕೊಳ್ಳಲು ಇಲ್ಲಿ ಪ್ರತಿ ನರ್ಸ್ ಕಲಿತಿರಲೇಬೇಕು. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲಾ ಬೆವರು, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ಬಾಯಿಂದ ಬಟ್ಟೆಯಿಂದ ಬರುವ ಘಾಟು. ಮೊದಲು ನೀವು ಕೈಗವಸು, ಏಪ್ರನ್ ಹಾಕಿಕೊಳ್ಳಿ, ಕಿಟಕಿ ತೆಗೆಯಿರಿ. ರೋಗಿಯ ಬಟ್ಟೆಯನ್ನೆಲ್ಲ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೆಸರು ಬರೆದಿಡಿ. ಇದು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ, ಬಟ್ಟೆ ಎಸೆಯುವಂತಿಲ್ಲ. ಮೈಯನ್ನು ಸೋಪು ನೀರಿನಿಂದ ತೊಳೆಯುವಾಗ ಕೂದಲು, ಕಿವಿಯ ಹಿಂದೆ, ಉಗುರಿನ ಸಂದಿ ಬಿಡಬೇಡಿ. ಡಬ್ಬಿ ತಂದಿದ್ದಾರೆಯೇ ಕೇಳಿ. ಲೇಬಲ್ಲಿನ ಮೇಲಿನ ತ್ರಿಕೋನ ಕೆಂಪಾಗಿದ್ದರೆ ಅತಿ ಘೋರ ವಿಷ, ನಂತರದವು ಹಳದಿ, ನೀಲಿ, ಹಸಿರು. ಮನೆಯವರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ, ವಾಂತಿ ಶ್ವಾಸಕೋಶಕ್ಕೆ ಇಳಿದಿರಬಹುದು.

ಈ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಡುವಾಗ ಇಬ್ಬರು ಬೇಕು. ಒಂದು ಆಂಪೂಲಿನಲ್ಲಿ (ಔಷಧದ ಪುಟ್ಟ ಗಾಜಿನ ಶೀಶೆ) ಇರುವುದು 0.6 ಮಿಲಿಗ್ರಾಂ. ಗುಣ ಕಾಣದಿದ್ದರೆ ವೈದ್ಯರು ಐದೈದು ನಿಮಿಷಕ್ಕೆ ಪ್ರಮಾಣವನ್ನು ಇಮ್ಮಡಿ ಮಾಡುತ್ತಾ ಹೋಗುತ್ತಾರೆ, ಆಂಪೂಲ್ ಒಡೆಯುವವರೇ ಸಿರಿಂಜಿಗೆ ಎಳೆಯುತ್ತಾ ಕುಳಿತರೆ ಹೊತ್ತು ಸಾಲದು. ಖಾಲಿ ಆಂಪೂಲ್‌ಗಳನ್ನು ಟ್ರೇಯಲ್ಲೇ ಇಟ್ಟು ಕೊನೆಗೆ ಎಣಿಸಿ ಬರೆಯಿರಿ. ಸಾಕೇ ಎಂದು ತಿಳಿಯಲು ಪಾಪೆ ಅರಳುವುದನ್ನು ಕಾಯಬೇಡಿ, ಅದು ತಡ. ಸ್ಟೆತಾಸ್ಕೋಪಿನಲ್ಲಿ ಎದೆಯ ಗುಳುಗುಳು ನಿಂತಿರಬೇಕು, ನಾಡಿ 80ರ ಮೇಲಿರಬೇಕು, ಕಂಕುಳಿಗೆ ಬೆರಳಿಟ್ಟರೆ ಒಣಗಿರಬೇಕು. ಬೆಳಗಿನ ಜಾವ ಅದೇ ಕಂಕುಳು ಮತ್ತೆ ಒದ್ದೆಯಾದರೆ ವಿಷ ಮರುಕಳಿಸುತ್ತಿದೆ, ವೈದ್ಯರನ್ನು ಎಬ್ಬಿಸಲು ಹಿಂಜರಿಯಬೇಡಿ. ಅಟ್ರೋಪಿನ್ ಹೆಚ್ಚಾದರೂ ಗೊತ್ತಾಗುತ್ತದೆ. ಜ್ವರ ಏರುತ್ತದೆ, ಮೂತ್ರ ಕಟ್ಟುತ್ತದೆ, ಹೊಟ್ಟೆ ಉಬ್ಬಿ ಕರುಳಿನ ಸದ್ದು ನಿಲ್ಲುತ್ತದೆ. ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುವಂತೆ ಕೈ ಆಡಿಸುತ್ತಾ ಹೊದಿಕೆಯ ಅಂಚನ್ನು ಕೀಳುತ್ತಿರುತ್ತಾನೆ. ಅದನ್ನು ರಂಪ ಎಂದುಕೊಂಡು ಕೈಕಾಲು ಕಟ್ಟಿ ಸುಮ್ಮನಾಗಬೇಡಿ.

ಚೇತರಿಸಿಕೊಂಡಂತೆ ಕಂಡರೂ ಮೊದಲ ನಾಲ್ಕು ದಿನ ಪ್ರತಿ ಸುತ್ತಿನಲ್ಲೂ ಒಂದು ಕೆಲಸ ಮಾಡಿ. ದಿಂಬಿನಿಂದ ತಲೆ ಎತ್ತಲು ಹೇಳಿ. ನಿನ್ನೆ ಎತ್ತುತ್ತಿದ್ದವರು ಇಂದು ಎತ್ತಲಾರದಿದ್ದರೆ ಕತ್ತಿನ ಸ್ನಾಯುಗಳು ಸೋಲುತ್ತಿವೆ, ಅದರ ಬೆನ್ನಿಗೇ ಉಸಿರಾಟದ ಸ್ನಾಯುಗಳೂ ಸೋಲಬಹುದು. ವೆಂಟಿಲೇಟರ್ ಸಿದ್ಧವಾಗಬೇಕು.

ಇಂಥ ರೋಗಿಯನ್ನು ಬೈಯಬೇಡಿ, ಪಕ್ಕದ ಹಾಸಿಗೆಯವರಿಗೆ ಕೇಳುವಂತೆ ವಿಚಾರಿಸಬೇಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಭಾವಿಸುತ್ತದೆ, ನಾವು ನ್ಯಾಯ ಹೇಳಲು ಕುಳಿತವರಲ್ಲ. ಮನೆಗೆ ಕಳುಹಿಸುವಾಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಚೀಟಿಯಲ್ಲಿ ಬರೆದು ಕೊಡಿ.

ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಬರುವ ಎಷ್ಟೋ ಮನೆಯವರು ತೆಲುಗು ಮಾತನಾಡುತ್ತಾರೆ. ಏನಾಯಿತು, ಯಾವಾಗ, ಬೇರೆ ಕಾಯಿಲೆ ಇದೆಯೇ, ಯಾವ ಮಾತ್ರೆ ನುಂಗುತ್ತಾರೆ, ಈ ನಾಲ್ಕು ಪ್ರಶ್ನೆಗಳನ್ನು ತೆಲುಗಿನಲ್ಲೂ ಕಲಿತುಕೊಳ್ಳಿ. ಬಾಗಿಲ ಹೊರಗೆ ನಿಂತವರಿಗೆ ಆಗಾಗ ಹೋಗಿ ಒಂದು ಮಾತು ಹೇಳಿ ಬನ್ನಿ, ಹೊಸ ಸುದ್ದಿ ಇಲ್ಲದಿದ್ದರೂ.

ಹೃದಯ ನಿಂತರೆ ಮಾಡಬೇಕಾದದ್ದು ನಿಮಗೆ ತರಬೇತಿಯಲ್ಲಿ ಬಂದಿದೆ: ನಿಮಿಷಕ್ಕೆ 100–120 ಬಾರಿ, 5–6 ಸೆಂ.ಮೀ. ಆಳಕ್ಕೆ ಎದೆ ಒತ್ತುವುದು, ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗುವುದು. ನಾನು ಸೇರಿಸುವುದು ಇಷ್ಟೇ, ಗಡಿಯಾರ ನೋಡಿ ಬರೆಯಲು ಒಬ್ಬರನ್ನು ಬೇರೆಯಾಗಿ ನಿಲ್ಲಿಸಿ. ಹೃದಯ ನಿಂತಾಗ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟು ಎಷ್ಟು ಹೊತ್ತಾಯಿತೆಂದು ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಿರುವುದಿಲ್ಲ.

ಪಾಳಿ ಬದಲಾಗುವಾಗ ವರದಿಯನ್ನು ಮೇಜಿನ ಬಳಿ ಕೊಡಬೇಡಿ, ಹಾಸಿಗೆಯ ಪಕ್ಕದಲ್ಲೇ ಕೊಡಿ. ಮುಂದಿನವರು ಡ್ರಿಪ್ಪಿನ ವೇಗ, ಮೂತ್ರದ ಚೀಲ, ಕಂಕುಳು ಎಲ್ಲವನ್ನೂ ತಾವೇ ಮುಟ್ಟಿ ನೋಡಲಿ. ಆಮೇಲೆ ಇಬ್ಬರೂ ತುರ್ತು ಟ್ರಾಲಿಯ ಬಳಿ ಹೋಗಿ ಮುಗಿದ ಆಂಪೂಲ್‌ಗಳ ಜಾಗ ತುಂಬಿ, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಬಲ್ಬ್ ಹೊತ್ತುತ್ತದೆಯೇ, ಸಿಲಿಂಡರಿನಲ್ಲಿ ಆಮ್ಲಜನಕ ಎಷ್ಟಿದೆ ನೋಡಿ, ಪುಸ್ತಕದಲ್ಲಿ ಸಹಿ ಹಾಕಿ.