ಗೋವಾದಲ್ಲಿ ಹಾಲಿ ಶಾಸಕರ ಎದುರು ಮೊದಲ ಸಲ ನಿಲ್ಲುವವರಿಗೆ

2022ರಲ್ಲಿ ಸಾಂತ್ ಆಂದ್ರೆ ಕ್ಷೇತ್ರದಲ್ಲಿ ಹೊಸಬ ವೀರೇಶ ಬೋರ್ಕರ್ ಹಾಲಿ ಶಾಸಕರನ್ನು ಸೋಲಿಸಿದ್ದು ಬರೀ 76 ಮತಗಳಿಂದ. ಪಣಜಿಯಲ್ಲಿ ಪಕ್ಷೇತರರಾಗಿ ನಿಂತ ಉತ್ಪಲ್ ಪರ್ರೀಕರ್ 716ರಿಂದ ಸೋತರು. ಕ್ಷೇತ್ರಗಳು 40, ಎಲ್ಲವೂ ಚಿಕ್ಕವು. ಸರಾಸರಿ ಮೂವತ್ತು ಸಾವಿರದ ಆಸುಪಾಸು ಮತದಾರರು. ಇಲ್ಲಿ ಮೆರವಣಿಗೆಗಿಂತ ಮತದಾರರ ಪಟ್ಟಿ ದೊಡ್ಡದು.

ಮೊದಲು ನಿಮ್ಮ ಹೆಸರೇ ಎಲ್ಲಿದೆ ನೋಡಿ. ವಿಜಯಪುರ, ಗದಗ ಕಡೆಯಿಂದ ವಾಸ್ಕೋ, ಝುವಾರಿನಗರಕ್ಕೆ ಬಂದು ನೆಲೆಸಿದ ಎಷ್ಟೋ ಮನೆಗಳ ಹೆಸರು ಇನ್ನೂ ಊರಿನ ಪಟ್ಟಿಯಲ್ಲೇ ಇರುತ್ತದೆ. ಗೋವಾದ ಯಾವುದಾದರೊಂದು ಕ್ಷೇತ್ರದ ಮತದಾರರಾಗಿರದೆ ಇಲ್ಲಿ ನಿಲ್ಲುವಂತಿಲ್ಲ. ಎರಡು ಕಡೆ ಹೆಸರಿಟ್ಟುಕೊಳ್ಳುವುದೂ ಕಾನೂನುಬಾಹಿರ, ನಮೂನೆ 8 ತುಂಬಿ ವರ್ಗಾಯಿಸಿಕೊಳ್ಳಿ. ನಿಮ್ಮ ಬೆಂಬಲಿಗರಿಗೂ ಇದನ್ನೇ ಮಾಡಿಸಿ. ನಾಮಪತ್ರದ ಕೊನೆಯ ದಿನ ದಾಟಿದರೆ ಪಟ್ಟಿಗೆ ಹೆಸರು ಸೇರದು. ರಾಜ್ಯ ಸರ್ಕಾರದ ಕಾಮಗಾರಿಯ ಗುತ್ತಿಗೆ ಹಿಡಿದಿದ್ದರೆ ಮೊದಲು ವಕೀಲರನ್ನು ಕೇಳಿ. ಚಾಲ್ತಿಯಲ್ಲಿರುವ ಗುತ್ತಿಗೆ ಅನರ್ಹತೆಗೆ ಕಾರಣವಾಗಬಹುದು.

ಆಮೇಲೆ ಕಳೆದ ಚುನಾವಣೆಯ ನಮೂನೆ 20 ತೆಗೆಯಿರಿ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಬಿತ್ತೆಂಬುದು ಅದರಲ್ಲಿದೆ. ಶಾಸಕರು ಅರ್ಧಕ್ಕಿಂತ ಹೆಚ್ಚು ಪಡೆದ ಬೂತುಗಳಲ್ಲಿ ಒಂದು ಸುತ್ತು ಸಾಕು. ಅಲ್ಲಿ ನೌಕರಿ ಕೊಡಿಸಿದ ಋಣ ಆಳವಾಗಿರುತ್ತದೆ, ಭಾಷಣದಿಂದ ಕರಗದು. ಎದುರಾಳಿಗಳ ನಡುವೆ ಮತ ಹಂಚಿಹೋದ ಬೂತುಗಳಲ್ಲಿ ಮನೆಮನೆಗೆ ಮೂರು ಸಲವಾದರೂ ಹೋಗಿ. ಹೆಸರಿನ ಮುಂದೆ ನಮ್ಮವರು, ಅವರವರು, ಇನ್ನೂ ಗೊತ್ತಿಲ್ಲ ಎಂದು ಗುರುತು ಹಾಕಿ. ಕಾರ್ಯಕರ್ತರು ಎಲ್ಲರನ್ನೂ 'ನಮ್ಮವರು' ಎಂದೇ ಬರೆದು ತರುತ್ತಾರೆ. ಪ್ರತಿ ಬೂತಿನಲ್ಲಿ ಇಪ್ಪತ್ತು ಮನೆಗಳಿಗೆ ಬೇರೆಯವರನ್ನು ಕಳಿಸಿ ತಾಳೆ ನೋಡಿ.

ಹಳೆಯ ಹುಲಿಗಳು ಹೊಸಬರನ್ನು ಕಾಗದದಲ್ಲೇ ಮುಗಿಸಲು ನೋಡುತ್ತಾರೆ. ಪಕ್ಷೇತರರಿಗೆ ಅದೇ ಕ್ಷೇತ್ರದ 10 ಸೂಚಕರು, ಅಂದರೆ ಹೆಸರು ಸೂಚಿಸಿ ಸಹಿ ಹಾಕುವ ಮತದಾರರು ಬೇಕು, ಒಬ್ಬರ ಹೆಸರು ತಪ್ಪಿದರೂ ಆ ನಾಮಪತ್ರ ಹೋಯಿತು. ನಾಲ್ಕು ಪ್ರತಿಗಳವರೆಗೆ ಸಲ್ಲಿಸಬಹುದು, ಆದ್ದರಿಂದ ಬೇರೆ ಸೂಚಕರೊಂದಿಗೆ ಇನ್ನೊಂದು ಕೊಟ್ಟಿಡಿ. ಠೇವಣಿ 10,000 ಒಮ್ಮೆ ಕಟ್ಟಿದರೆ ಸಾಕು, ಪರಿಶಿಷ್ಟರಿಗೆ 5,000. ಆಸ್ತಿ, ಸಾಲ, ಮೊಕದ್ದಮೆಗಳನ್ನು ತಿಳಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಯಾವ ಕಾಲಂ ಖಾಲಿ ಬಿಡಬೇಡಿ. ಏನೂ ಇಲ್ಲದಿದ್ದರೆ 'ಇಲ್ಲ' ಎಂದಾದರೂ ಬರೆಯಿರಿ. ನಾಮಪತ್ರ ಕೊಟ್ಟ ಕೂಡಲೇ ಅಲ್ಲೇ ಪ್ರಮಾಣವಚನ ಮುಗಿಸಿ. ಪರಿಶೀಲನೆಯ ದಿನಕ್ಕೆ ಮುಂಚೆ ಅದು ಆಗಿರದಿದ್ದರೆ ನಾಮಪತ್ರ ತಿರಸ್ಕೃತ.

2022ರಲ್ಲಿ ನಿಗದಿಯಾದಂತೆ ಗೋವಾ ವಿಧಾನಸಭೆಗೆ ಖರ್ಚಿನ ಮಿತಿ 28 ಲಕ್ಷ. ಚುನಾವಣೆಗೆಂದೇ ಬ್ಯಾಂಕ್ ಖಾತೆಯನ್ನು ನಾಮಪತ್ರಕ್ಕೆ ಒಂದು ದಿನವಾದರೂ ಮೊದಲು ತೆರೆಯಿರಿ. ಒಬ್ಬರಿಗೆ ಒಟ್ಟು 10,000ಕ್ಕಿಂತ ಹೆಚ್ಚು ನಗದು ಕೊಡುವಂತಿಲ್ಲ. ಪೆಂಡಾಲಿನವರ ಚಿಲ್ಲರೆ ಬಿಲ್ಲುಗಳೇ ಹೆಚ್ಚಾಗಿ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ.

ಮತದಾನದ ದಿನ ಬೂತ್ ಏಜೆಂಟರು ಅಣಕು ಮತದಾನಕ್ಕೆ, ಅಂದರೆ ಒಂದೂವರೆ ತಾಸು ಮುಂಚೆ, ಒಳಗಿರಬೇಕು. ಸಂಜೆ ನಮೂನೆ 17ಸಿ, ಅಂದರೆ ಆ ಬೂತಿನಲ್ಲಿ ಬಿದ್ದ ಮತಗಳ ಲೆಕ್ಕದ ಪ್ರತಿ ಕೈಗೆ ಬಾರದೆ ಹೊರಗೆ ಬರಬಾರದು. ಎಣಿಕೆಯ ಮೇಜಿನ ಮೇಲೆ ಯಂತ್ರ ತೋರಿಸುವ ಒಟ್ಟು ಮತವನ್ನು ಅದರೊಂದಿಗೇ ಹೋಲಿಸುವುದು. ಸೋತರೂ ಗೆದ್ದರೂ ಫಲಿತಾಂಶದಿಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಿ. ಕೊಡದವರನ್ನು ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು.